ಏಕಾಕಿ ಸಮುದ್ರಯಾನವೂ ಮರಳಿ ಬರುವಿಕೆಯೂ: ತಾರುಣ್ಯದ ಒಂದು ಸಂಸ್ಕಾರದ ವಿವೇಚನೆ

೧

ಮದುವೆಮನೆಯ ಕಾಶೀಯಾತ್ರೆಯನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. ವರನು ಕೊಡೆ ಹಿಡಿದು, ಕೋಲು ಊರಿ, ಪಾದರಕ್ಷೆ ಮೆಟ್ಟಿ ಮಂಟಪದಿಂದ ಹೊರಡುತ್ತಾನೆ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕನ್ಯೆಯ ತಂದೆಯು ಅಡ್ಡಬಂದು, ಮಗಳನ್ನು ಕೊಡುವುದಾಗಿ ಹೇಳಿ, ಅವನನ್ನು ಹಿಂದಕ್ಕೆ ಕರೆತರುತ್ತಾನೆ. ನೆರೆದವರು ನಗುತ್ತಾರೆ, ಅನಂತರ ಎಲ್ಲರ ಗಮನವೂ ಮುಂದಿನ ಶಾಸ್ತ್ರದತ್ತ ತಿರುಗುತ್ತದೆ. ಈ ನಾಲ್ಕು ಹೆಜ್ಜೆಗಳ ವಿನೋದದಲ್ಲಿ ಒಂದು ಹಳೆಯ ವಿಚಾರವು ಅಡಗಿದೆ. ತರುಣನಾದವನು ಮನೆಯನ್ನು ಬಿಟ್ಟು ಒಂಟಿಯಾಗಿ ದೂರಕ್ಕೆ ಹೊರಡುತ್ತಾನೆ. ಹೊರಟವನನ್ನು ಹಿರಿಯನೊಬ್ಬನು ಎದುರುಗೊಂಡು ಮರಳಿ ಕರೆತರುತ್ತಾನೆ. ಆ ಬಳಿಕವೇ ಅವನು ಗೃಹಸ್ಥನಾಗುತ್ತಾನೆ. ಇದಕ್ಕೆ ಮುನ್ನ ನಡೆಯುವ ಸಮಾವರ್ತನವೆಂಬ ಸಂಸ್ಕಾರದ ಹೆಸರಿಗಂತೂ ‘ಮರಳಿ ಬರುವುದು’ ಎಂದೇ ಅರ್ಥ. ಗುರುಕುಲದಲ್ಲಿ ವ್ಯಾಸಂಗವನ್ನು ಮುಗಿಸಿದ ಬ್ರಹ್ಮಚಾರಿಯು ಸ್ನಾನ ಮಾಡಿ, ಸ್ನಾತಕನೆನಿಸಿಕೊಂಡು ಮನೆಗೆ ಹಿಂತಿರುಗುವ ಕರ್ಮವದು. ಹೋಗುವುದಕ್ಕೆ ಮಾತ್ರವಲ್ಲದೆ ಬರುವುದಕ್ಕೂ ನಮ್ಮ ಪ್ರಾಚೀನರು ಒಂದು ವಿಧಿಯನ್ನು ಏರ್ಪಡಿಸಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಈಚಿನ ದಿನಗಳಲ್ಲಿ ತರುಣರು ಒಂಟಿಯಾಗಿ ವಿದೇಶಕ್ಕೆ ತೆರಳುವುದು ಸರ್ವಸಾಮಾನ್ಯವಾಗಿದೆ. ‘ಹೋಗಿಬಂದರೆ ಹುಡುಗ ಮನುಷ್ಯನಾಗುತ್ತಾನೆ’ ಎಂಬ ಮಾತನ್ನು ನಾವು ಪೋಷಕರಿಂದ ಕೇಳುತ್ತಲೇ ಇದ್ದೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? ತರುಣನನ್ನು ಪ್ರೌಢನನ್ನಾಗಿ ಮಾಡುವುದು ಕಡಲನ್ನು ದಾಟುವ ಕ್ರಿಯೆಯೇ, ಅನ್ಯದೇಶದ ವಾಸವೇ, ಅಥವಾ ಬೇರೆ ಏನಾದರೂ ಉಂಟೇ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೂ ಭಾರತದಿಂದ ಹೊರಟ ಕೆಲವರ ವೃತ್ತಾಂತಗಳನ್ನು ಆಧಾರವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಾಸ್ತ್ರದ ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಫ್ರಾನ್ಸಿನ ಜಾನಪದ ವಿದ್ವಾಂಸನಾದ ಆರ್ನಾಲ್ಡ್ ವಾನ್ ಗೆನ್ನೆಪ್ ಎಂಬಾತನು ೧೯೦೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಜನನ, ಪ್ರಾಯಪ್ರಾಪ್ತಿ, ವಿವಾಹ, ಮರಣ ಮೊದಲಾದ ಸಂದರ್ಭಗಳಲ್ಲಿ ನಾನಾ ಜನಾಂಗಗಳು ಆಚರಿಸುವ ಕರ್ಮಗಳನ್ನು ಹೋಲಿಸಿ ನೋಡಿ, ಮನುಷ್ಯನನ್ನು ಒಂದು ಸ್ಥಿತಿಯಿಂದ ಮತ್ತೊಂದು ಸ್ಥಿತಿಗೆ ದಾಟಿಸುವ ಈ ಸಂಸ್ಕಾರಗಳೆಲ್ಲಕ್ಕೂ ಮೂರು ಹಂತಗಳಿವೆಯೆಂದು ಆತನು ಪ್ರತಿಪಾದಿಸಿದನು. ಮೊದಲನೆಯದು ಬೇರ್ಪಡೆ: ವ್ಯಕ್ತಿಯು ತನ್ನ ಹಿಂದಿನ ಬಳಗದಿಂದಲೂ ಸ್ಥಾನದಿಂದಲೂ ಬಿಡಿಸಲ್ಪಡುತ್ತಾನೆ. ಎರಡನೆಯದು ನಡುವಣ ಸ್ಥಿತಿ: ಅವನು ಹಿಂದಿನವನೂ ಅಲ್ಲ, ಮುಂದಿನವನೂ ಅಲ್ಲ, ಹೊಸ್ತಿಲಿನ ಮೇಲೆ ನಿಂತವನಂತೆ ಇರುತ್ತಾನೆ. ಮೂರನೆಯದು ಸೇರ್ಪಡೆ: ಹೊಸ ಸ್ಥಾನದೊಡನೆ ಅವನನ್ನು ಸಮಾಜವು ಮರಳಿ ಒಳಕ್ಕೆ ತೆಗೆದುಕೊಳ್ಳುತ್ತದೆ. ನಡುವಣ ಸ್ಥಿತಿಗೆ ಆತನು ಕೊಟ್ಟ ಹೆಸರು ಹೊಸ್ತಿಲೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಬಂದುದು.

ನಮ್ಮ ಉಪನಯನವನ್ನು ಇದಕ್ಕೆ ಹೋಲಿಸಿದರೆ ವಿಷಯವು ಸುಲಭವಾಗಿ ವಿಶದವಾಗುತ್ತದೆ. ತಾಯಿಯೊಡನೆ ಕುಳಿತು ಉಣ್ಣುವ ಮಾತೃಭೋಜನವು ಬೇರ್ಪಡೆಯ ಕರ್ಮ, ಭಿಕ್ಷಾಟನೆಯೂ ಗುರುಕುಲವಾಸವೂ ನಡುವಣ ಸ್ಥಿತಿ, ಸಮಾವರ್ತನವು ಸೇರ್ಪಡೆ. ಈ ಮೂರರಲ್ಲಿ ಕಡೆಯದು ತಪ್ಪಿದರೆ ಸಂಸ್ಕಾರವು ಅಪೂರ್ಣವೇ ಸರಿ. ಹೊಸ್ತಿಲಿನ ಮೇಲೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತೆ ಆಗುತ್ತದೆ.

೩

ತರುಣರ ಯಾತ್ರೆಯನ್ನು ಶಿಕ್ಷಣದ ಅಂಗವಾಗಿ ಗಣಿಸಿದ ಪದ್ಧತಿಗಳು ಯೂರೋಪಿನಲ್ಲಿ ಮುಖ್ಯವಾಗಿ ಎರಡು ಇದ್ದವು. ಅವುಗಳಲ್ಲಿ ಶ್ರೀಮಂತರದು ಒಂದು, ಕುಶಲಕರ್ಮಿಗಳದು ಮತ್ತೊಂದು.

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಧನಿಕರು ತಮ್ಮ ಮಕ್ಕಳನ್ನು ಫ್ರಾನ್ಸ್, ಇಟಲಿ ದೇಶಗಳಲ್ಲಿ ಒಂದೆರಡು ವರ್ಷ ಸಂಚರಿಸಿ ಬರಲು ಕಳುಹಿಸುತ್ತಿದ್ದರು. ‘ಗ್ರ್ಯಾಂಡ್ ಟೂರ್’ ಎಂಬ ಈ ಹೆಸರು ರಿಚರ್ಡ್ ಲ್ಯಾಸೆಲ್ಸ್ ಎಂಬಾತನ ೧೬೭೦ರ ಇಟಲಿ ಪ್ರವಾಸ ಗ್ರಂಥದಲ್ಲಿ ಕಾಣಬರುತ್ತದೆ. ಹುಡುಗನ ಜೊತೆಗೆ ಸಾಮಾನ್ಯವಾಗಿ ಒಬ್ಬ ಉಪಾಧ್ಯಾಯನು ಇರುತ್ತಿದ್ದುದರಿಂದ ಇದನ್ನು ಏಕಾಕಿ ಯಾತ್ರೆಯೆನ್ನಲಾಗದು. ಅರ್ಥಶಾಸ್ತ್ರಜ್ಞನಾದ ಆಡಂ ಸ್ಮಿತ್ತನು ೧೭೬೪ರಿಂದ ೧೭೬೬ರ ವರೆಗೆ ಬಕ್ಲೂಚ್ ಎಂಬ ಸಂಸ್ಥಾನದ ಯುವಕ ಡ್ಯೂಕನಿಗೆ ಇಂತಹ ಉಪಾಧ್ಯಾಯನಾಗಿ ಫ್ರಾನ್ಸಿನಲ್ಲಿ ಸಂಚರಿಸಿದನು. ವಿಶೇಷವೇನೆಂದರೆ, ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದವನೂ ಅವನೇ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಹೊರಟು ಇಪ್ಪತ್ತೊಂದಕ್ಕೆ ಮರಳುವ ಹುಡುಗನು ಹೆಚ್ಚು ಅಹಂಕಾರಿಯೂ ದುಂದುಗಾರನೂ ಆಗಿ ಬರುತ್ತಾನೆಂದೂ, ಸ್ವದೇಶದ ವಿಶ್ವವಿದ್ಯಾನಿಲಯಗಳು ಕೆಟ್ಟಿರುವುದರಿಂದಲೇ ಈ ಪದ್ಧತಿಗೆ ಮರ್ಯಾದೆ ಬಂದಿದೆಯೆಂದೂ ಅವನು ೧೭೭೬ರ ತನ್ನ ಮಹಾಗ್ರಂಥದಲ್ಲಿ ಅಭಿಪ್ರಾಯಪಟ್ಟನು. ಅದೇ ಕಾಲದಲ್ಲಿ, ೧೭೬೪ನೆಯ ಅಕ್ಟೋಬರಿನಲ್ಲಿ, ರೋಮಿನ ಭಗ್ನಾವಶೇಷಗಳ ನಡುವೆ ಕುಳಿತಿದ್ದ ಇಪ್ಪತ್ತೇಳರ ಎಡ್ವರ್ಡ್ ಗಿಬ್ಬನ್ನನಿಗೆ ಆ ಸಾಮ್ರಾಜ್ಯದ ಪತನದ ಚರಿತ್ರೆಯನ್ನು ಬರೆಯಬೇಕೆಂಬ ಬಯಕೆ ಹುಟ್ಟಿತು. ಯಾತ್ರೆಯೊಂದೇ, ಫಲ ಮಾತ್ರ ಯಾತ್ರಿಕನಿಗೆ ತಕ್ಕಂತೆ.

ಜರ್ಮನ್ ನಾಡುಗಳ ಬಡಗಿ, ಕಲ್ಲುಕುಟಿಗ ಮೊದಲಾದವರ ಪದ್ಧತಿ ಬೇರೆ. ಕಸಬನ್ನು ಕಲಿತು ಮುಗಿಸಿದ ತರುಣನು ಮೂರು ವರ್ಷ ಒಂದು ದಿನ ಊರೂರು ಅಲೆಯುತ್ತಾ, ಅಲ್ಲಲ್ಲಿ ಕೆಲಸ ಮಾಡುತ್ತಾ ಅನುಭವವನ್ನು ಗಳಿಸಬೇಕು. ಇಂದಿಗೂ ಈ ಪದ್ಧತಿಯನ್ನು ಪಾಲಿಸುವ ಸಣ್ಣ ಬಳಗಗಳಿವೆ. ಅವರ ನಿಯಮದಂತೆ ಹೊರಡುವವನು ಮೂವತ್ತರೊಳಗಿನವನೂ ಅವಿವಾಹಿತನೂ ಸಾಲವಿಲ್ಲದವನೂ ಆಗಿರಬೇಕು. ಅವಧಿ ಮುಗಿಯುವ ತನಕ ತನ್ನ ಊರಿನ ಐವತ್ತು ಕಿಲೋಮೀಟರು ಸುತ್ತಳತೆಯೊಳಕ್ಕೆ ಕಾಲಿಡಬಾರದು. ಹೊರಡುವ ದಿನ ಊರಿನ ಹೆಸರುಳ್ಳ ಫಲಕವನ್ನು ಹತ್ತಿ ಆಚೆಗೆ ಇಳಿಯುವುದೂ, ಮರಳುವ ದಿನ ಅದನ್ನೇ ಹತ್ತಿ ಈಚೆಗೆ ಇಳಿಯುವುದೂ ವಾಡಿಕೆ. ಬೇರ್ಪಡೆಗೂ ಸೇರ್ಪಡೆಗೂ ಇಲ್ಲಿ ಒಂದೇ ದ್ವಾರ.

ಶ್ರೀಮಂತನ ಮಗನಿಗಾಗಲಿ ಬಡಗಿಯ ಮಗನಿಗಾಗಲಿ ಒಂದು ವಿಷಯದಲ್ಲಿ ಸಂದೇಹವಿರಲಿಲ್ಲ. ಅವನು ಹಿಂತಿರುಗುವ ಮನೆಯ ಬಾಗಿಲು ತೆರೆದೇ ಇತ್ತು. ಭಾರತದ ತರುಣನ ಪ್ರಸಂಗ ಹಾಗಿರಲಿಲ್ಲ.

೪

ನಮ್ಮ ಪೂರ್ವಿಕರು ಕಡಲನ್ನು ಕಾಣದವರೇನೂ ಅಲ್ಲ. ನಮ್ಮ ಅಯ್ಯಾವೊಳೆಯ, ಎಂದರೆ ಐಹೊಳೆಯ, ಹೆಸರನ್ನು ಹೊತ್ತ ಐನೂರ್ವರೆಂಬ ವರ್ತಕರ ಸಂಘವು ಸುಮಾತ್ರಾ ದ್ವೀಪದ ಲೋಬು ತುವಾ ಎಂಬ ಸ್ಥಳದಲ್ಲಿ ಕ್ರಿ. ಶ. ೧೦೮೮ರಲ್ಲಿ ತಮಿಳು ಶಾಸನವನ್ನು ಹಾಕಿಸಿದೆ. ಆದರೆ ಧರ್ಮಶಾಸ್ತ್ರಗಳ ದೃಷ್ಟಿ ಬೇರೆಯಾಗಿತ್ತು. ಬೌಧಾಯನ ಧರ್ಮಸೂತ್ರವು ಸಮುದ್ರಗಮನವನ್ನು ಒಂದೆಡೆ ಉತ್ತರದೇಶದವರ ವಿಶಿಷ್ಟಾಚಾರಗಳಲ್ಲಿ ಎಣಿಸಿ, ಮತ್ತೊಂದೆಡೆ ಪತನೀಯವೆನಿಸುವ ಕರ್ಮಗಳ ಪಟ್ಟಿಯ ಮೊದಲಿಗೇ ಅದನ್ನು ನಿಲ್ಲಿಸುತ್ತದೆ. ಆದರೂ ಅದಕ್ಕೆ ಪ್ರಾಯಶ್ಚಿತ್ತವನ್ನೂ ವಿಧಿಸುತ್ತದೆ: ನಾಲ್ಕು ಹೊತ್ತಿಗೊಮ್ಮೆ ಮಿತಾಹಾರ, ತ್ರಿಕಾಲ ಸ್ನಾನ, ಹಗಲಿನಲ್ಲಿ ನಿಂತಿರುವುದು, ರಾತ್ರಿ ಕುಳಿತಿರುವುದು, ಹೀಗೆ ಮೂರು ವರ್ಷ. ಇದು ಕಠಿನವಾದುದು ನಿಜ. ಆದರೂ ಇಲ್ಲಿ ಮರಳಿ ಬರುವ ದಾರಿಯೊಂದಿದೆ.

ಮಧ್ಯಯುಗದ ನಿಬಂಧಕಾರರು ಸಂಗ್ರಹಿಸಿದ ಕಲಿವರ್ಜ್ಯಗಳಲ್ಲಿ, ಎಂದರೆ ಕಲಿಯುಗದಲ್ಲಿ ಬಿಡತಕ್ಕ ಆಚಾರಗಳಲ್ಲಿ, ಈ ದಾರಿಯೂ ಮುಚ್ಚಿಹೋಯಿತು. ಅಲ್ಲಿನ ಒಂದು ವಚನದ ತಾತ್ಪರ್ಯವನ್ನು ವಾಚಕರು ಎಚ್ಚರಿಕೆಯಿಂದ ನೋಡಬೇಕು. ಹಡಗಿನಲ್ಲಿ ಕಡಲನ್ನು ದಾಟಿದ ದ್ವಿಜನು ಪ್ರಾಯಶ್ಚಿತ್ತದಿಂದ ಶುದ್ಧನಾಗಿದ್ದರೂ ಅವನನ್ನು ಪರಿಗ್ರಹಿಸುವುದು ಕಲಿಯಲ್ಲಿ ಸಲ್ಲದೆಂಬುದು ಅದರ ಅಭಿಪ್ರಾಯ. ಈ ವಚನವು ನಿಷೇಧಿಸುತ್ತಿರುವುದು ಹೋಗುವುದನ್ನಲ್ಲ, ಹೋದವನನ್ನು ಸೇರಿಸಿಕೊಳ್ಳುವುದನ್ನು. ವಾನ್ ಗೆನ್ನೆಪ್ಪನ ಪರಿಭಾಷೆಯಲ್ಲಿ ಹೇಳುವುದಾದರೆ, ನಮ್ಮ ನಿಬಂಧಕಾರರು ಕೈಯಿಟ್ಟಿದ್ದು ಮೂರನೆಯ ಹಂತದ ಮೇಲೆಯೇ. ತಪ್ಪಿತಸ್ಥನು ತನ್ನ ಪಾಲಿನದನ್ನೆಲ್ಲ ಮಾಡಿ ಮುಗಿಸಿದರೂ ಸಮಾಜವು ತನ್ನ ಪಾಲಿನದನ್ನು ಮಾಡತಕ್ಕದ್ದಲ್ಲವೆಂದು ಇಲ್ಲಿ ವಿಧಿಸಿದಂತಾಯಿತು.

ಹೀಗಿರುತ್ತ, ಹತ್ತೊಂಬತ್ತನೆಯ ಶತಮಾನದಲ್ಲಿ ತರುಣರು ಏಕೆ ಹೊರಟರು? ಕಾರಣವು ಬಹುಮಟ್ಟಿಗೆ ಆಡಳಿತಕ್ಕೆ ಸಂಬಂಧಿಸಿದುದು. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯು ೧೮೫೫ರಿಂದ ಸ್ಪರ್ಧೆಯ ಮೂಲಕ ನಡೆಯತೊಡಗಿತು. ಆದರೆ ೧೯೨೨ರ ವರೆಗೂ ಅದು ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ವಯೋಮಿತಿಯನ್ನೂ ಕ್ರಮೇಣ ತಗ್ಗಿಸುತ್ತ ಬಂದು, ೧೮೭೬ರಲ್ಲಿ ಹತ್ತೊಂಬತ್ತಕ್ಕೆ ಇಳಿಸುವ ತೀರ್ಮಾನವಾಯಿತು. ಎಂದಮೇಲೆ ಈ ಪರೀಕ್ಷೆಗೆ ಕೂರಬೇಕೆನ್ನುವವನು ಹುಡುಗನಾಗಿರುವಾಗಲೇ ಕಡಲನ್ನು ದಾಟಬೇಕಾಗುತ್ತಿತ್ತು. ಬ್ಯಾರಿಸ್ಟರ್ ಪದವಿಯೂ ಅಲ್ಲಿಗೆ ಹೋಗದೆ ದೊರೆಯುತ್ತಿರಲಿಲ್ಲ. ಸತ್ಯೇಂದ್ರನಾಥ ಠಾಕೂರರು ೧೮೬೩ರಲ್ಲಿ ಆಯ್ಕೆಯಾಗಿ ಸಿವಿಲ್ ಸರ್ವಿಸನ್ನು ಸೇರಿದ ಮೊದಲ ಭಾರತೀಯರೆನಿಸಿದರು. ೧೮೬೮ನೆಯ ಮಾರ್ಚ್ ೩ರಂದು ಸುರೇಂದ್ರನಾಥ ಬ್ಯಾನರ್ಜಿ, ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ ಎಂಬ ಮೂವರು ಗೆಳೆಯರು ಕಲ್ಕತ್ತೆಯಿಂದ ಹೊರಟರು. ಅವರಲ್ಲಿ ದತ್ತರು ಮನೆಯವರಿಗೆ ತಿಳಿಸದೆ ಗುಟ್ಟಾಗಿ ಹೊರಟವರು; ಆಗ ಅವರಿಗೆ ಹತ್ತೊಂಬತ್ತು ವರ್ಷ. ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆದ ಮೇಲೆ ಹಡಗಿನ ಪ್ರಯಾಣವು ಮೂರು ನಾಲ್ಕು ವಾರಗಳಿಗೆ ಇಳಿಯಿತು. ನೀರಿನ ದೂರವು ಹೀಗೆ ಕಡಮೆಯಾದರೂ ಜಾತಿಯ ದೂರವು ಕಡಮೆಯಾಗಲಿಲ್ಲ.

೫

ಈ ಹಿನ್ನೆಲೆಯಲ್ಲಿ ಮೂವರ ಯಾನಗಳನ್ನು ಹೋಲಿಸಿ ನೋಡೋಣ. ಮೂವರೂ ತಾರುಣ್ಯದಲ್ಲಿ ಬಂಧುಗಳಾರೂ ಜೊತೆಗಿಲ್ಲದೆ ಹೊರಟವರು. ಮೂವರೂ ಮರಳಿ ಬಂದವರು.

ಮೊದಲನೆಯವರು ಮೋಹನದಾಸ ಕರಮಚಂದ ಗಾಂಧಿ. ೧೮೮೮ನೆಯ ಸೆಪ್ಟೆಂಬರ್ ೪ರಂದು ಅವರು ಮುಂಬಯಿಯಲ್ಲಿ ಹಡಗನ್ನು ಏರಿದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಬೇರ್ಪಡೆಯ ಹಂತವು ಅವರ ಪಾಲಿಗೆ ಎರಡು ರೂಪಗಳಲ್ಲಿ ಬಂದಿತೆಂಬುದು ಅವರ ಆತ್ಮಕಥೆಯಿಂದ ತಿಳಿದುಬರುತ್ತದೆ. ತಾಯಿಯ ಮುಂದೆ, ಬೇಚರ್ಜಿ ಸ್ವಾಮಿ ಎಂಬ ಜೈನ ಸಾಧುವಿನ ಸಮಕ್ಷಮದಲ್ಲಿ, ಮದ್ಯ ಮಾಂಸ ಸ್ತ್ರೀಸಂಗಗಳನ್ನು ಮುಟ್ಟೆನೆಂದು ಅವರು ಪ್ರತಿಜ್ಞೆ ಮಾಡಿದರು. ಅದಾದ ಮೇಲೆ ಮುಂಬಯಿಯಲ್ಲಿ ಮೋಢ ವಣಿಕರ ಸಭೆ ಸೇರಿತು. ಹೋಗಬಾರದೆಂದು ಜಾತಿಯ ಮುಖಂಡನು ಆಜ್ಞಾಪಿಸಿದನು, ಹುಡುಗನು ಒಪ್ಪಲಿಲ್ಲ, ಅಲ್ಲಿಯೇ ಅವನನ್ನು ಜಾತಿಯಿಂದ ಹೊರಗಿಡಲಾಯಿತು. ಅವನಿಗೆ ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಲಾಯಿತು. ಹಣವನ್ನು ಇರಿಸಿಕೊಂಡಿದ್ದ ಭಾವನೇ ಜಾತಿಗೆ ಅಂಜಿ ಅದನ್ನು ಕೊಡಲೊಲ್ಲದೆ ಹೋದುದರಿಂದ, ಮಿತ್ರರೊಬ್ಬರಿಂದ ಸಾಲ ಪಡೆದು ಅವರು ಹೊರಡಬೇಕಾಯಿತು. ತಾಯಿಯ ಬೇರ್ಪಡೆಯು ಒಂದು ನೂಲನ್ನು ಕೈಯಲ್ಲಿ ಹಿಡಿಸಿ ಕಳುಹಿಸಿತು. ಜಾತಿಯ ಬೇರ್ಪಡೆಯು ನೂಲನ್ನು ಕಡಿಯಿತು.

ಲಂಡನ್ನಿನ ಎರಡು ವರ್ಷ ಚಿಲ್ಲರೆಯ ವಾಸವು ನಡುವಣ ಸ್ಥಿತಿಯ ಲಕ್ಷಣಗಳನ್ನೆಲ್ಲ ತೋರುತ್ತದೆ. ನರ್ತನ, ಪಿಟೀಲು, ಭಾಷಣಕಲೆಗಳಲ್ಲಿ ಪಾಠ ಹೇಳಿಸಿಕೊಂಡು ಆಂಗ್ಲ ಸದ್ಗೃಹಸ್ಥನಾಗಲು ಹವಣಿಸಿದುದೂ, ಸುಮಾರು ಮೂರು ತಿಂಗಳಲ್ಲಿ ಅದನ್ನೆಲ್ಲ ಬಿಟ್ಟು ಕಾಸುಕಾಸಿಗೂ ಲೆಕ್ಕವಿಟ್ಟು ಬದುಕತೊಡಗಿದುದೂ ಪ್ರಸಿದ್ಧವಾದ ಸಂಗತಿಗಳು. ತಾಯಿಗೆ ಕೊಟ್ಟ ಮಾತೆಂದು ಪಾಲಿಸುತ್ತಿದ್ದ ಶಾಕಾಹಾರವು ಹೆನ್ರಿ ಸಾಲ್ಟನ ಪುಸ್ತಕವನ್ನು ಓದಿದ ಬಳಿಕ ಸ್ವಂತ ವಿಚಾರದಿಂದ ಆಯ್ದುಕೊಂಡ ವ್ರತವಾಯಿತು. ನಮ್ಮ ಅಭಿಪ್ರಾಯದಲ್ಲಿ ಆ ತರುಣನು ಪ್ರೌಢನಾದುದು ಈ ಕ್ಷಣದಲ್ಲಿ. ಮನೆಯಿಂದ ತಂದ ನಿಯಮವನ್ನು ಅವನು ತೊರೆಯಲೂ ಇಲ್ಲ, ಕುರುಡಾಗಿ ಹೊತ್ತುಕೊಂಡೂ ಇರಲಿಲ್ಲ. ಅದನ್ನು ತನ್ನದನ್ನಾಗಿ ಮಾಡಿಕೊಂಡನು.

ಇನ್ನೊಂದು ಸಾಮ್ಯವೂ ಇಲ್ಲಿದೆ. ಬ್ಯಾರಿಸ್ಟರ್ ಆಗುವವನು ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದರೊಡನೆ ನಿಯತ ಸಂಖ್ಯೆಯ ಭೋಜನಗಳಿಗೂ ಹಾಜರಾಗಬೇಕಾಗಿತ್ತು. ಗಾಂಧಿಯವರು ಸೇರಿದ್ದ ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಸ್ಥೆಯಲ್ಲಿಯೂ ಇದೇ ನಿಯಮ. ಸಹಪಂಕ್ತಿಯಲ್ಲಿ ಕುಳಿತು ಉಂಡವನೇ ಬಳಗಕ್ಕೆ ಸೇರಿದವನೆಂಬ ಭಾವನೆಯು ಮೋಢ ವಣಿಕರಿಗೆ ಮಾತ್ರ ಮೀಸಲಾಗಿರಲಿಲ್ಲವೆಂದಾಯಿತು. ೧೮೯೧ನೆಯ ಜೂನ್ ೧೦ರಂದು ಅವರಿಗೆ ಬ್ಯಾರಿಸ್ಟರ್ ಪದವಿ ದೊರೆಯಿತು; ೧೨ರಂದು ಅವರು ಸ್ವದೇಶಕ್ಕೆ ಹೊರಟರು.

ಮುಂಬಯಿಯಲ್ಲಿ ಇಳಿದಾಗ ತಾಯಿಯು ತೀರಿಕೊಂಡ ವಾರ್ತೆಯನ್ನು ಅಣ್ಣನು ತಿಳಿಸಿದನು. ವ್ರತವನ್ನು ಪಾಲಿಸಿ ಬಂದೆನೆಂದು ಯಾರಿಗೆ ಒಪ್ಪಿಸಬೇಕಾಗಿತ್ತೋ ಆಕೆಯೇ ಇರಲಿಲ್ಲ. ಅಣ್ಣನು ತಮ್ಮನನ್ನು ನಾಸಿಕಕ್ಕೆ ಕರೆದೊಯ್ದು ಪುಣ್ಯನದಿಯಲ್ಲಿ ಸ್ನಾನ ಮಾಡಿಸಿದನು. ರಾಜಕೋಟೆಯಲ್ಲಿ ಜಾತಿಬಾಂಧವರಿಗೆ ಔತಣವನ್ನು ಏರ್ಪಡಿಸಿದನು. ಜಾತಿಯಲ್ಲಿ ಒಂದು ಪಂಗಡವು ಸೇರಿಸಿಕೊಂಡಿತು. ಮತ್ತೊಂದು ಪಂಗಡವು ಹೊರಗೇ ಇರಿಸಿತು. ಆ ನಿಯಮದ ಪ್ರಕಾರ ಅತ್ತೆ ಮಾವಂದಿರಾಗಲಿ ಅಕ್ಕ ಭಾವಂದಿರಾಗಲಿ ಅವರಿಗೆ ಊಟ ಹಾಕುವಂತಿರಲಿಲ್ಲ. ಗುಟ್ಟಾಗಿ ಸತ್ಕರಿಸಲು ಆ ಬಂಧುಗಳು ಸಿದ್ಧರಿದ್ದರು. ಬಹಿರಂಗವಾಗಿ ಮಾಡಲಾಗದುದನ್ನು ಗುಟ್ಟಾಗಿ ಮಾಡುವುದು ಗಾಂಧಿಯವರಿಗೆ ಸಮ್ಮತವಾಗಲಿಲ್ಲ. ಅವರು ಆ ಮನೆಗಳಲ್ಲಿ ನೀರನ್ನು ಸಹ ಕುಡಿಯಲಿಲ್ಲ. ಸೇರ್ಪಡೆಗಾಗಿ ಅವರು ಕಾದಾಡಲಿಲ್ಲ. ಸೇರಿಸಿಕೊಳ್ಳದವರ ಮೇಲೆ ದ್ವೇಷವನ್ನೂ ಇಟ್ಟುಕೊಳ್ಳಲಿಲ್ಲ. ಅರ್ಧ ತೆರೆದ ಬಾಗಿಲಿನ ಮುಂದೆ ಗೌರವದಿಂದ ನಿಲ್ಲುವ ಬಗೆಯೊಂದನ್ನು ಅವರು ಕಂಡುಕೊಂಡರೆನ್ನಬಹುದು.

೬

ಎರಡನೆಯವರು ಆನಂದೀಬಾಯಿ ಜೋಶಿ. ೧೮೬೫ರಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ, ಹದಿನಾಲ್ಕಕ್ಕೆ ಹೆತ್ತ ಮಗುವನ್ನು ಕೆಲವೇ ದಿನಗಳಲ್ಲಿ ಕಳೆದುಕೊಂಡ ಈ ಮಹಿಳೆಯು, ಹಿಂದೂ ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕೆಂಬ ಸಂಕಲ್ಪದಿಂದ ಅಮೆರಿಕೆಗೆ ಹೊರಟರು. ಹೊರಡುವುದಕ್ಕೆ ಮುನ್ನ ೧೮೮೩ನೆಯ ಫೆಬ್ರವರಿಯಲ್ಲಿ ಶ್ರೀರಾಂಪುರದ ಕಾಲೇಜಿನಲ್ಲಿ ಸಾರ್ವಜನಿಕ ಭಾಷಣವನ್ನು ಮಾಡಿ, ತಾವು ಹೋಗುವ ಕಾರಣವನ್ನೂ ಬಹಿಷ್ಕಾರಕ್ಕೆ ಅಂಜದಿರುವ ಕಾರಣವನ್ನೂ ವಿವರಿಸಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳಿ ತಮ್ಮ ಜನರ ನಡುವೆ ಬಾಳುವುದಾಗಿ ಆಗ ಅವರು ಸಾರಿದರು. ರಮೇಶಚಂದ್ರ ದತ್ತರು ಇರುಳಿನಲ್ಲಿ ಗುಟ್ಟಾಗಿ ಹೊರಟುದನ್ನು ಈ ಭಾಷಣದೊಡನೆ ಹೋಲಿಸಿದರೆ, ಹದಿನೈದು ವರ್ಷಗಳ ಅಂತರದಲ್ಲಿ ಬೇರ್ಪಡೆಯ ಸ್ವರೂಪವು ಹೇಗೆ ಮಾರ್ಪಟ್ಟಿತೆಂಬುದು ತಿಳಿಯುತ್ತದೆ.

ಅದೇ ವರ್ಷ ಏಪ್ರಿಲ್ ೭ರಂದು, ಹದಿನೆಂಟು ತುಂಬಿದ ಮರುವಾರವೇ, ಪತಿಯನ್ನು ಬಿಟ್ಟು, ಕೆಲವು ಮಿಷನರಿ ಮಹಿಳೆಯರು ಪ್ರಯಾಣ ಮಾಡುತ್ತಿದ್ದ ಹಡಗಿನಲ್ಲಿ ಅವರು ಕಲ್ಕತ್ತೆಯಿಂದ ಹೊರಟರು. ಥಿಯೋಡಿಷಿಯಾ ಕಾರ್ಪೆಂಟರ್ ಎಂಬ ಮಹಿಳೆಯು ಅಮೆರಿಕೆಯಲ್ಲಿ ಅವರನ್ನು ಮಗಳಂತೆ ನೋಡಿಕೊಂಡರು. ಸೀರೆಯನ್ನು ಬಿಡದೆ, ಶಾಕಾಹಾರವನ್ನು ಬಿಡದೆ, ಚಳಿಯಲ್ಲಿ ನವೆಯುತ್ತ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ೧೮೮೬ನೆಯ ಮಾರ್ಚ್ ೧೧ರಂದು ಪದವಿಯನ್ನು ಪಡೆದರು. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ವೈದ್ಯಾಧಿಕಾರಿಣಿಯಾಗಿ ಅವರ ನೇಮಕವೂ ಆಯಿತು. ಆದರೆ ಮರಳಿದುದು ಕ್ಷಯದಿಂದ ಜರ್ಝರಿತವಾದ ದೇಹ. ೧೮೮೭ನೆಯ ಫೆಬ್ರವರಿ ೨೬ರಂದು ಪುಣೆಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಅವರು ಗತಿಸಿದರು. ಸಮಾಜವು ಆಕೆಯನ್ನು ವೈದ್ಯಳನ್ನಾಗಿ ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತೇ ಎಂಬ ಪ್ರಶ್ನೆಗೆ ಕಾಲವು ಉತ್ತರ ಕೊಡಗೊಡಲಿಲ್ಲ. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ಸಂಸ್ಥಾನದ ಪೊಕಿಪ್ಸಿ ಊರಿನಲ್ಲಿ ಆ ಮನೆತನದ ಸಮಾಧಿಸ್ಥಳದಲ್ಲಿ ಅದು ನೆಲೆಗೊಂಡಿದೆ. ಮರಳಿ ಬಂದು ಬಾಳುವೆನೆಂದ ಮಗಳ ಗುರುತು ಕಡಲಾಚೆಯ ಮನೆಯವರ ನಡುವೆ ಉಳಿಯಿತು.

ಮೂರನೆಯವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಕೇಂಬ್ರಿಜ್ಜಿನ ಕರೆಯನ್ನು ಅವರು ಮೊದಲು ಒಪ್ಪಿರಲಿಲ್ಲ. ಆಚಾರದ ಅಡ್ಡಿಯೇ ಕಾರಣ. ತಾಯಿಗೆ ನಾಮಕ್ಕಲ್ಲಿನ ನಾಮಗಿರಿ ದೇವಿಯ ಸ್ವಪ್ನಾದೇಶವಾಯಿತೆಂದೂ, ಆಮೇಲೆ ಆಕೆಯು ಅನುಮತಿ ಕೊಟ್ಟರೆಂದೂ ಜೀವನಚರಿತ್ರಕಾರರು ಬರೆದಿದ್ದಾರೆ. ಜುಟ್ಟನ್ನು ಕತ್ತರಿಸಿಕೊಂಡು, ಕಾಲುಚೀಲ ಬೂಟುಗಳನ್ನು ತೊಟ್ಟು, ೧೯೧೪ನೆಯ ಮಾರ್ಚ್ ೧೭ರಂದು, ಇಪ್ಪತ್ತಾರರ ವಯಸ್ಸಿನಲ್ಲಿ, ಅವರು ಮದರಾಸಿನಿಂದ ಹೊರಟರು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಸ್ವಯಂಪಾಕ ಮಾಡಿಕೊಂಡು, ಏಕಾಂತದಲ್ಲಿ ಐದು ವರ್ಷ ಕಳೆದು, ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಟ್ರಿನಿಟಿ ಕಾಲೇಜಿನ ಫೆಲೋಷಿಪ್ಪನ್ನೂ ಗಳಿಸಿ, ೧೯೧೯ರಲ್ಲಿ ರೋಗಿಯಾಗಿ ಮರಳಿದರು. ರಾಮೇಶ್ವರಕ್ಕೆ ಹೋಗಿ ಶುದ್ಧಿಯನ್ನು ಮಾಡಿಸಬೇಕೆಂದು ಮನೆಯವರು ಯೋಚಿಸಿದ್ದರೂ ದೇಹಸ್ಥಿತಿಯು ಅವಕಾಶ ಕೊಡಲಿಲ್ಲ. ೧೯೨೦ನೆಯ ಏಪ್ರಿಲ್ ೨೬ರಂದು ಅವರು ತೀರಿಕೊಂಡಾಗ, ಶುದ್ಧಿಯಾಗದವನೆಂಬ ಕಾರಣದಿಂದ ಆಚಾರನಿಷ್ಠ ಬಂಧುಗಳಲ್ಲಿ ಹೆಚ್ಚಿನವರು ಅಂತ್ಯಕ್ರಿಯೆಗೆ ಬರಲಿಲ್ಲವೆಂದು ಅವರ ಜೀವನಚರಿತ್ರಕಾರರು ತಿಳಿಸುತ್ತಾರೆ. ಲಂಡನ್ನಿನ ವಿದ್ವತ್ಸಭೆಯು ಸೇರಿಸಿಕೊಂಡವನನ್ನು ಬೀದಿಯ ನೆಂಟರು ಸೇರಿಸಿಕೊಳ್ಳಲಿಲ್ಲ.

೭

ಈ ಮೂರು ವೃತ್ತಾಂತಗಳಿಂದ ಹೊರಡುವ ತಾತ್ಪರ್ಯವೇನು? ಮೂವರ ಯೋಗ್ಯತೆಯೂ ಧೈರ್ಯವೂ ಸಂದೇಹಾತೀತ. ಬೇರ್ಪಡೆಯ ದುಃಖವನ್ನೂ ನಡುವಣ ಸ್ಥಿತಿಯ ಕಷ್ಟವನ್ನೂ ಮೂವರೂ ಉಂಡರು. ಆದರೆ ಸಂಸ್ಕಾರವು ಪೂರ್ಣವಾಯಿತೇ ಇಲ್ಲವೇ ಎಂಬುದನ್ನು ನಿರ್ಣಯಿಸಿದುದು ಅವರ ಯೋಗ್ಯತೆಯಲ್ಲ, ಉಳಿದವರ ನಡತೆ. ಪ್ರಯಾಣಿಕನು ಎರಡು ಹಂತಗಳನ್ನು ತಾನೇ ದಾಟಬಲ್ಲನು. ಮೂರನೆಯದು ಅವನ ಕೈಯಲ್ಲಿಲ್ಲ. ಆದುದರಿಂದ ಏಕಾಕಿ ಯಾನವು ತರುಣನನ್ನು ಪ್ರೌಢನನ್ನಾಗಿ ಮಾಡುತ್ತದೆಂಬ ಮಾತು ಅರ್ಧಸತ್ಯ. ಅದು ಅವನನ್ನು ಬೇರೆಯವನನ್ನಾಗಿ ಮಾಡುತ್ತದೆ, ಅಷ್ಟೆ. ಆ ಬೇರೆಯವನು ನಮ್ಮವನೇ ಎಂದು ಹೇಳುವ ಕೆಲಸವು ಮನೆಯಲ್ಲಿ ಉಳಿದವರಿಗೆ ಸೇರಿದುದು.

ಕನ್ನಡದ ಮಟ್ಟಿಗೆ ಸುಖಕರವಾದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸಬೇಕು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ೧೯೩೬ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಆಕ್ಸ್‌ಫರ್ಡಿಗೆ ವ್ಯಾಸಂಗಕ್ಕಾಗಿ ತೆರಳಿ ೧೯೩೮ರಲ್ಲಿ ಹಿಂತಿರುಗಿದರು. ಆ ಯಾನದಿಂದ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಗ್ರಂಥವೂ ‘ಸಮುದ್ರಗೀತೆಗಳು’ ಎಂಬ ಕವನ ಸಂಗ್ರಹವೂ ಕನ್ನಡಕ್ಕೆ ದೊರೆತವು. ರಾಮಾನುಜನ್ನರ ಮರಣಕ್ಕೂ ಇವರ ಪ್ರಯಾಣಕ್ಕೂ ನಡುವೆ ಕೇವಲ ಹದಿನಾರು ವರ್ಷ. ಕಡಲನ್ನು ದಾಟಿದವನಿಂದ ಶುದ್ಧಿಯನ್ನು ಕೇಳುತ್ತಿದ್ದ ಕಾಲವು ಕಳೆದು, ಕಡಲಿನ ಅನುಭವವನ್ನೇ ಕಾಣಿಕೆಯಾಗಿ ಸ್ವೀಕರಿಸುವ ಕಾಲವು ಬಂದಿತ್ತು. ತಂದುದನ್ನು ಇಳಿಸಲು ಒಂದು ಅಂಗಳವಿದ್ದರೆ ಯಾನವು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಂದು ಜಾತಿಸಭೆಯೂ ಇಲ್ಲ, ದಂಡವೂ ಇಲ್ಲ. ನ್ಯೂಜಿಲೆಂಡಿನಂತಹ ದೇಶಗಳಲ್ಲಿ ತರುಣರು ಒಂದೆರಡು ವರ್ಷ ಕಡಲಾಚೆ ದುಡಿದು ಅಲೆದು ಬರುವುದಕ್ಕೆ ಸಮಾಜದ ಸಮ್ಮತಿಯೇ ಇದೆ. ಅದಕ್ಕೊಂದು ಹೆಸರೂ ಬಳಕೆಯಲ್ಲಿದೆ. ನಮ್ಮಲ್ಲಿಯೂ ಲಕ್ಷಾಂತರ ವಿದ್ಯಾರ್ಥಿಗಳು ಬ್ಯಾಂಕಿನ ಸಾಲವನ್ನು ಪಡೆದು ವಿಮಾನವೇರುತ್ತಿದ್ದಾರೆ. ಮೂರು ವಾರದ ಹಡಗಿನ ಬದಲು ಒಂದು ದಿನದ ಪ್ರಯಾಣ. ತಿಂಗಳಿಗೊಮ್ಮೆ ಬರುತ್ತಿದ್ದ ಕಾಗದದ ಬದಲು ಮೊಬೈಲಿನಲ್ಲಿ ದಿನವೂ ಕಾಣುವ ಮುಖ. ಇದರಿಂದ ಬೇರ್ಪಡೆಯು ಹಗುರವಾಗಿದೆ. ನಡುವಣ ಸ್ಥಿತಿಯ ಏಕಾಂತವೂ ತೆಳುವಾಗಿದೆ. ಆದರೆ ಮೂರನೆಯ ಹಂತದ ವಿಷಯದಲ್ಲಿ ನಾವು ಮುಂದುವರಿದಿದ್ದೇವೆಂದು ಹೇಳಲು ನಮಗೆ ಧೈರ್ಯ ಸಾಲದು.

ಪ್ರತಿ ವರ್ಷವೂ ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಅಧ್ಯಾಪಕರಾದ ನಾವು ಶಿಫಾರಸು ಪತ್ರಗಳನ್ನು ಬರೆದುಕೊಡುತ್ತೇವೆ. ಹಿಂದೊಮ್ಮೆ ನಮ್ಮಿಂದ ಅಂತಹ ಪತ್ರವನ್ನು ಪಡೆದು ಹೋಗಿದ್ದ ವಿದ್ಯಾರ್ಥಿಯೊಬ್ಬನು ಎರಡು ವರ್ಷಗಳ ತರುವಾಯ ನಮ್ಮನ್ನು ಕಾಣಲು ಬಂದನು. ಕುಶಲಪ್ರಶ್ನೆ ಮುಗಿಯುತ್ತಲೇ ನಾವು ಕೇಳಿದ ಮೊದಲ ಮಾತು: ‘ಮತ್ತೆ ಯಾವಾಗ ಹೊರಡುವುದಪ್ಪ?’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಸರ್, ಇಲ್ಲಿಯೇ ಇರೋಣವೆಂದು ಬಂ‍ದೆ. ಮನೆಯಲ್ಲಿಯೂ ಎಲ್ಲರೂ ಇದನ್ನೇ ಕೇಳುತ್ತಾರೆ’ ಎಂದನು. ನಾವು ಕೇಳಿದುದರಲ್ಲಿ ದುರುದ್ದೇಶವಿರಲಿಲ್ಲ. ಆದರೂ ಮರಳಿ ಬಂದವನನ್ನು ಸೋತುಬಂದವನೆಂದು ಕಾಣುವ ಮನೋಭಾವವು ಆ ಪ್ರಶ್ನೆಯಲ್ಲಿ ಇತ್ತೆಂಬುದನ್ನು ಅಲ್ಲಗಳೆಯಲಾರೆವು. ಅಂದು ಕಡಲನ್ನು ದಾಟಿದನೆಂದು ಹೊರಗಿಟ್ಟರು. ಇಂದು ಏಕೆ ಮರಳಿದೆಯೆಂದು ಕೇಳಿ ಹೊರಗಿಡುತ್ತೇವೆ. ಕಲಿವರ್ಜ್ಯದ ವಚನವು ಗ್ರಂಥಗಳಿಂದ ಇಳಿದು ನಮ್ಮ ನಾಲಗೆಯ ಮೇಲೆ ಬೇರೊಂದು ರೂಪದಲ್ಲಿ ಕುಳಿತಿದೆ.

ಪ್ರಾಯಶ್ಚಿತ್ತಗಳ ಕಾಲವು ಮರಳಿ ಬರಲೆಂದು ನಾವು ಬಯಸುತ್ತಿಲ್ಲ. ಆದರೆ ಸಮಾವರ್ತನದಲ್ಲಿ ಅಡಗಿದ್ದ ವಿವೇಕವನ್ನು ಕಳೆದುಕೊಳ್ಳುವುದು ಸರಿಯಲ್ಲ. ಅಲ್ಲಿ ಏನನ್ನು ಕಲಿತೆ, ಅದನ್ನು ಇಲ್ಲಿ ಯಾರಿಗೆ ಕಲಿಸುವೆ ಎಂದು ಕೇಳುವ ಒಂದು ಗೋಷ್ಠಿಯನ್ನು ಪ್ರತಿ ಕಾಲೇಜಿನ ಪ್ರತಿ ವಿಭಾಗವೂ ವರ್ಷಕ್ಕೊಮ್ಮೆ ಏರ್ಪಡಿಸಬಹುದು. ಅದಕ್ಕೆ ಹೆಚ್ಚಿನ ವೆಚ್ಚವೂ ಬೇಕಿಲ್ಲ. ಹೊರಡುವವರಿಗೆ ಪತ್ರ ಬರೆದುಕೊಡುವ ಕೈಯೇ ಬಂದವರಿಗೆ ಕುರ್ಚಿಯನ್ನೂ ಹಾಕಬೇಕು. ಕಾಶೀಯಾತ್ರೆಯ ವರನು ನಾಲ್ಕು ಹೆಜ್ಜೆ ನಡೆಯುವುದು ಎಷ್ಟು ಮುಖ್ಯವೋ, ಅವನ ಎದುರಿಗೆ ಹೋಗಿ ಬಾರಪ್ಪ ಎಂದು ಕರೆಯುವ ಹಿರಿಯನೊಬ್ಬನು ಇರುವುದೂ ಅಷ್ಟೇ ಮುಖ್ಯ.